ಎರಡು ಲೀಟರ್ ಸೂಪು

ನಮ್ಮ ಕಚೇರಿಯಲ್ಲಿ ಯಾವುದನ್ನೂ ಕಣ್ಣಂದಾಜಿನಲ್ಲಿ ಹಂಚುವಂತಿಲ್ಲ. ಅಂಗಡಿಯವರ ತಕ್ಕಡಿ, ತೂಕದ ಬಟ್ಟು, ಎಣ್ಣೆ ಅಳೆಯುವ ಡಬ್ಬಿ, ಇವೆಲ್ಲ ಸರಿಯಾಗಿವೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ ಅದು. ಲೋಕವೆಲ್ಲ ಒಂದಿಷ್ಟು ಹೆಚ್ಚುಕಮ್ಮಿ ಮಾಡಿಕೊಂಡೇ ಬದುಕುತ್ತದೆ, ನಾವು ಮಾತ್ರ ಹಾಗೆ ಬದುಕುವಂತಿಲ್ಲ. ಒಮ್ಮೆ ಸಾಹೇಬರ ಮಗಳು ಪಾಸಾದಳೆಂದು ಬಂದ ಕೇಕನ್ನು ನಾಲ್ಕು ಪಾಲು ಮಾಡಲು ಒಂದು ಗಂಟೆ ಹಿಡಿಯಿತು. ಮೂರನೆಯ ಪಾಲು ಎರಡು ಗ್ರಾಂ ಹೆಚ್ಚಿದೆಯೆಂದು ಅದರ ಮೇಲಿದ್ದ ಒಣದ್ರಾಕ್ಷಿಯೊಂದನ್ನು ಕಿತ್ತು ಕಿಟಕಿಯಾಚೆ ಎಸೆಯಲಾಯಿತು. ಯಾರೂ ನಗಲಿಲ್ಲ.

ನಾವು ನಾಲ್ಕು ಜನ. ಸಾಹೇಬರು, ಸುತ್ತಿಗೆ ಹಿಡಿದು ಮುದ್ರೆ ಒತ್ತುವ ಮುದ್ರೆಯಣ್ಣ, ಟೈಪಿಸ್ಟಕ್ಕ, ಮತ್ತು ದಾಖಲೆ ಬರೆಯುವ ಗುಮಾಸ್ತನಾದ ನಾನು. ಮಧ್ಯಾಹ್ನ ಒಂದು ಗಂಟೆಗೆ ಒಳಕೋಣೆಯ ಮೇಜಿಗೆ ಸೇರಿ, ಅವರವರ ಡಬ್ಬಿ ತೆರೆದು, ಅವರವರ ಎದುರಿನ ಗೋಡೆ ನೋಡುತ್ತ ಉಣ್ಣುತ್ತಿದ್ದೆವು. ಹದಿನಾಲ್ಕು ವರ್ಷ ಹೀಗೇ ಕಳೆದಿತ್ತು. ಆ ಕೋಣೆಗೆ ಒಂದು ಕಿಟಕಿಯೇನೋ ಇದೆ, ಆದರೆ ಅದು ಪಕ್ಕದ ಕಟ್ಟಡದ ಹಿಂಗೋಡೆಗೆ ತೆರೆಯುತ್ತದೆ. ಹೀಗಾಗಿ ಕಿಟಕಿಗೆ ಎದುರಾಗಿ ಕೂರುವ ಸಾಹೇಬರಿಗೆ ಸಿಕ್ಕಿದ್ದೂ ಗೋಡೆಯೇ, ಸ್ವಲ್ಪ ದೂರದ್ದು.

ಸೂಪು ಶುರುವಾದದ್ದು ಅರ್ಧ ಕುಂಬಳಕಾಯಿಯಿಂದ. ಚಳಿಗಾಲದ ಒಂದು ಸೋಮವಾರ ನನ್ನ ಹೆಂಡತಿ ಫ್ಲಾಸ್ಕೊಂದನ್ನು ನನ್ನ ಚೀಲಕ್ಕೆ ತುರುಕಿದಳು.

"ಕುಂಬಳಕಾಯಿ ಸೂಪು. ನಾಲ್ಕು ಜನ ಇದೀರಲ್ಲ, ಬಿಸಿಬಿಸಿ ಕುಡೀರಿ. ಉಪ್ಪು ಮುಂದಾಗದ ಹಾಗೆ ಹಾಕಿದೀನಿ. ಯಾರಿಗೆ ಬಿ.ಪಿ. ಇದೆಯೋ ಏನೋ."

ಒಂದು ಗಂಟೆಗೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ. ಆವಿ ಎದ್ದಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಮೂರು ತಲೆಗಳು ಗೋಡೆಯಿಂದ ನನ್ನ ಕಡೆಗೆ ತಿರುಗಿದವು.

"ಏನ್ರೀ ಇದು ವಾಸನೆ!" ಎಂದರು ಟೈಪಿಸ್ಟಕ್ಕ. "ಮನೆಯವರು ಮಾಡಿದ್ದಾ?"

"ಇಲ್ಲ, ನಾನೇ," ಎಂದೆ.

ಯಾಕೆ ಹಾಗೆಂದೆನೋ ತಿಳಿಯದು. ಮೂರು ಜೊತೆ ಕಣ್ಣು ಒಟ್ಟಿಗೆ ನನ್ನ ಮೇಲೆ ಬಿದ್ದದ್ದರಿಂದ ಇರಬೇಕು. ನಮ್ಮ ಇಲಾಖೆಯಲ್ಲಿ ಸಹಿಸಬಹುದಾದ ವ್ಯತ್ಯಾಸ ಎಂಬುದೊಂದಿದೆ. ಒಂದು ಕಿಲೋದ ಬಟ್ಟು ಇಂತಿಷ್ಟು ತಪ್ಪಿದರೆ ಕ್ಷಮೆ ಉಂಟು. ನನ್ನ ಸುಳ್ಳು ಆ ಮಿತಿಯೊಳಗೇ ಇದೆಯೆಂದು ನಾನು ಭಾವಿಸಿದೆ.

ಸೂಪನ್ನು ಹಂಚಬೇಕಲ್ಲ. ಸಾಹೇಬರು ಬೀರು ತೆಗೆಸಿ ಹಿತ್ತಾಳೆಯ ಅಳತೆಗಳನ್ನು ಹೊರಗೆ ತರಿಸಿದರು. ಆ ಅಳತೆಗಳು ಬೀರುವಿನಿಂದ ಹೊರಬಂದರೆ ಸಾಕು, ಪುಸ್ತಕದಲ್ಲಿ ದಾಖಲಾಗಬೇಕು. ತಾರೀಕು, ಅಳೆದ ಪದಾರ್ಥ, ಪ್ರಮಾಣ, ತಯಾರಿಸಿದವರು, ಷರಾ. ಸೂಪಿಗೆ ಈ ನಿಯಮ ಅನ್ವಯಿಸುವುದಿಲ್ಲವೆಂದು ಎಲ್ಲೂ ಬರೆದಿರಲಿಲ್ಲ. ಮುದ್ರೆಯಣ್ಣ ಅಳತೆಯನ್ನು ಬಿಸಿನೀರಿನಲ್ಲಿ ತೊಳೆದು, ಕಣ್ಣನ್ನು ಅಂಚಿನ ಮಟ್ಟಕ್ಕೆ ಇಳಿಸಿ, ಉಸಿರು ಹಿಡಿದು ಸುರಿದ. ಏಳುನೂರ ಇಪ್ಪತ್ತು ಮಿಲಿಲೀಟರ್. ತಲೆಗೆ ನೂರ ಎಂಬತ್ತು.

ಸಾಹೇಬರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಬರ್ಕೊಳ್ಳಿ. ರುಚಿ ಉತ್ತಮ. ಉಪ್ಪು ಸ್ವಲ್ಪ ಕಡಿಮೆ."

ನಾನೇ ನನ್ನ ಕೈಯಾರೆ, ತಯಾರಿಸಿದವರು ಎಂಬಲ್ಲಿ ಗುಮಾಸ್ತರು ಎಂದು ಬರೆದೆ.

ಸಂಜೆ ಚಪ್ಪಲಿ ಬಿಡುವಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಏನಂದ್ರು?"

"ಯಾರು?"

"ಕಚೇರಿಯವರು. ಸೂಪಿಗೆ."

ಈಗ ನೋಡಿ, ಮೆಚ್ಚುಗೆ ನನ್ನ ಹೆಸರಿಗೆ ಬಂದಿತ್ತು, ಸರಕಾರಿ ಪುಸ್ತಕದಲ್ಲಿ ದಾಖಲಾಗಿತ್ತು. ಅದನ್ನು ಅವಳಿಗೆ ದಾಟಿಸಬೇಕಾದರೆ ಅದು ಮೊದಲು ನನ್ನ ಹತ್ತಿರ ಯಾಕೆ ಬಂತು ಎಂದು ವಿವರಿಸಬೇಕಿತ್ತು.

"ಕುಡಿದ್ರು," ಎಂದೆ.

"ಅಷ್ಟೇನಾ?"

"ಮತ್ತಿನ್ನೇನು?"

ಅವಳು ಫ್ಲಾಸ್ಕನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದಳು. "ಸಾಲಲಿಲ್ಲವೇನೋ," ಎಂದಳು. "ಮುಂದಿನ ಸೋಮವಾರ ಸ್ವಲ್ಪ ಜಾಸ್ತಿ ಮಾಡ್ತೀನಿ."

ಮುಂದಿನ ಸೋಮವಾರ ಟೊಮೇಟೊ, ಎಂಟುನೂರು. ಅದರ ಮುಂದಿನದು ಶುಂಠಿ ಹಾಕಿದ ಕ್ಯಾರೆಟ್, ಒಂಬೈನೂರ ಐವತ್ತು. ಕಚೇರಿಯಲ್ಲಿ ಷರಾಗಳು ಉದ್ದವಾಗುತ್ತ ಹೋದವು. ಮನೆಯಲ್ಲಿ ನನ್ನ ಉತ್ತರ ಮಾತ್ರ ಅಷ್ಟೇ ಉದ್ದ ಉಳಿಯಿತು. "ಏನಂದ್ರು?" "ಕುಡಿದ್ರು."

ಮೂರನೆಯ ಸೋಮವಾರ ಟೈಪಿಸ್ಟಕ್ಕ ಖಾಲಿ ಬಟ್ಟಲನ್ನು ಮೇಜಿನ ಮೇಲಿಟ್ಟು, ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು.

"ಗುಮಾಸ್ತರೇ, ನಮ್ಮ ಹತ್ರ ಮುಚ್ಚಿಡಬೇಡಿ. ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಒಬ್ಬ ಗಂಡಸು ಬೆಳಗಾಗೆದ್ದು ಉಪ್ಪಿಲ್ಲದ ಸೂಪು ಕಾಯಿಸ್ತಾನೆ ಅಂದ್ರೆ, ಮನೇಲಿ ಯಾರೋ ಹಾಸಿಗೆ ಹಿಡಿದಿದಾರೆ ಅಂತಲೇ ಅರ್ಥ. ನಿಮ್ಮನೇಲಿ ಇರೋದು ನೀವಿಬ್ಬರೇ. ನೀವಂತೂ ಇಲ್ಲಿ ಕೂತಿದೀರಿ."

ತರ್ಕದಲ್ಲಿ ದೋಷವಿರಲಿಲ್ಲ. ನನಗೆ ಎರಡು ದಾರಿಗಳಿದ್ದವು. ಸೂಪು ನನ್ನದಲ್ಲ ಎನ್ನುವುದು, ಅಥವಾ ಹೆಂಡತಿಗೆ ಕಾಯಿಲೆ ಎನ್ನುವುದು. ನಾನು ಮೂರನೆಯದನ್ನು ಹಿಡಿದೆ. ನೆಲ ನೋಡುತ್ತ ಸುಮ್ಮನೆ ಕೂತೆ.

"ಅಯ್ಯೋ ಪಾಪ," ಎಂದ ಮುದ್ರೆಯಣ್ಣ. "ಅಷ್ಟು ಜೋರಾಗಿದೆಯಾ?"

ಸುಮ್ಮನಿದ್ದರೆ ಏನನ್ನೂ ಹೇಳಿದಂತಾಗುವುದಿಲ್ಲ ಎಂದು ನಾನು ಅದುವರೆಗೂ ನಂಬಿದ್ದೆ.

ಮರುದಿನದಿಂದ ನನ್ನ ಕುರ್ಚಿಗೆ ಮೆತ್ತೆ ಬಂತು. ಭಾರದ ಬಟ್ಟುಗಳನ್ನು ಎತ್ತುವ ಕೆಲಸ ನನ್ನಿಂದ ತಪ್ಪಿತು. ನಾಲ್ಕು ಗಂಟೆಗೆ ಸಾಹೇಬರು "ಹೊರಡಿ ಹೊರಡಿ, ಅಲ್ಲಿ ಕಾಯ್ತಿರ್ತಾರೆ" ಎಂದು ಅಟ್ಟತೊಡಗಿದರು. ಪ್ರತಿ ಸೋಮವಾರ ಟೈಪಿಸ್ಟಕ್ಕ ರೋಗಿಗೆಂದು ಎರಡು ಕಿಲೋ ಕಿತ್ತಳೆ ಕೊಟ್ಟು ಕಳಿಸುತ್ತಿದ್ದರು, ತೂಕ ಹಾಕಿಯೇ. ಅದನ್ನು ಮನೆಗೆ ಒಯ್ಯುವಂತಿರಲಿಲ್ಲ, ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಪಾರ್ಕಿನ ಬೆಂಚಿನ ಮೇಲೆ ಕೂತು, ಒಂದೊಂದಾಗಿ ಸುಲಿದು ಎರಡು ಕಿಲೋ ಕಿತ್ತಳೆಯನ್ನೂ ತಿಂದು ಮುಗಿಸುತ್ತಿದ್ದೆ. ಹೆಂಡತಿಯ ಕಾಯಿಲೆ ಮುಂದುವರಿದಂತೆ ನನ್ನ ಹೊಟ್ಟೆ ಕೆಟ್ಟಿತು.

ನಾಲ್ಕನೆಯ ಸೋಮವಾರ ಪಾಲಕ್ ಸೂಪು, ಸಾವಿರದ ನೂರು. ಅಳತೆ ಮುಗಿದ ಮೇಲೆ ಸಾಹೇಬರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಹಿಂದಿನ ಸಾಲುಗಳ ಮೇಲೆ ಬೆರಳು ಓಡಿಸಿದರು. ಬೆರಳು ನಿಂತಿತು.

"ಗುಮಾಸ್ತರೇ, ಸೂಪು ಮಾಡೋ ಪಾತ್ರೆ ಒಂದೇ ತಾನೇ? ಬದಲಾಯಿಸಿಲ್ಲ ತಾನೇ?"

ಅಡುಗೆಮನೆಯಲ್ಲಿ ಎಷ್ಟು ಪಾತ್ರೆಗಳಿವೆಯೆಂದು ನನಗೆ ತಿಳಿದಿರಲಿಲ್ಲ. "ಒಂದೇ ಸಾರ್."

"ಎಷ್ಟು ಹಿಡಿಯುತ್ತೆ?"

"ಎರಡು ಲೀಟರ್ ಇರಬೇಕು ಸಾರ್."

"ಇರಬೇಕು ಗಿರಬೇಕು ಅಂತ ಈ ಕಚೇರಿಯಲ್ಲಿ ಹೇಳಬಾರದು."

"ಎರಡು ಲೀಟರ್ ಸಾರ್."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಏಳುನೂರ ಇಪ್ಪತ್ತು. ಎಂಟುನೂರು. ಒಂಬೈನೂರ ಐವತ್ತು. ಇವತ್ತು ಸಾವಿರದ ನೂರು. ಪಾತ್ರೆ ಅದೇ. ಇಲ್ಲಿಗೆ ಬರೋದು ಹೆಚ್ಚಾಗ್ತಾ ಇದೆ ಅಂದ್ರೆ..."

ಅವರು ನಿಲ್ಲಿಸಿದರು. ಟೈಪಿಸ್ಟಕ್ಕ ಕರವಸ್ತ್ರ ಹುಡುಕತೊಡಗಿದರು.

"...ಅಲ್ಲಿ ಒಳಗೆ ಹೋಗೋದು ಕಡಿಮೆಯಾಗ್ತಾ ಇದೆ," ಎಂದು ಮುದ್ರೆಯಣ್ಣ ಮುಗಿಸಿದ.

ಎಲ್ಲರೂ ತಮ್ಮ ತಮ್ಮ ಬಟ್ಟಲು ನೋಡಿದರು. ಒಬ್ಬ ರೋಗಿಯ ಬಾಯಿಗೆ ಹೋಗಬೇಕಾದದ್ದು ತಮ್ಮ ಬಾಯಿಗೆ ಬರುತ್ತಿದೆಯೆಂಬ ದುಃಖದಿಂದ ಮತ್ತೆ ಒಂದು ಗುಟುಕು ಕುಡಿದರು. ಆ ದಿನದ ಷರಾ ನನಗೆ ಇನ್ನೂ ಬಾಯಿಪಾಠವಾಗಿದೆ. ಪಾಲಕ್. ಹದ ಬಹಳ ಚೆನ್ನಾಗಿದೆ. ರೋಗಿಯ ಆಹಾರ ಇಳಿಮುಖ.

ಸೂಪು ವಾರದಿಂದ ವಾರಕ್ಕೆ ರುಚಿಯಾಗುತ್ತಿತ್ತು ಎಂಬುದು ಇನ್ನೊಂದು ಅಪಶಕುನವಾಯಿತು. "ಕೈ ಪಳಗ್ತಾ ಇದೆ," ಎಂದು ಮುದ್ರೆಯಣ್ಣ ಬಟ್ಟಲಿನ ತಳ ಕೆರೆಯುತ್ತ ನಿಟ್ಟುಸಿರಿಟ್ಟ. "ಗಂಡಸಿನ ಕೈ ಇಷ್ಟು ಪಳಗಬೇಕಾದ್ರೆ ಆ ತಾಯಿ ಇನ್ನೆಷ್ಟು ನರಳಿರಬೇಕು!"

ಅತ್ತ ಮನೆಯಲ್ಲಿ ಆ ತಾಯಿ ಹೊಸ ಸೌಟು ಕೊಂಡಿದ್ದಳು. ಭಾನುವಾರವಿಡೀ ತರಕಾರಿ ಆರಿಸುತ್ತಿದ್ದಳು. ಫ್ಲಾಸ್ಕು ಸಾಲದಾಗಿ ದೊಡ್ಡ ಫ್ಲಾಸ್ಕು ಬಂತು, ಅದೂ ಸಾಲದಾಗಿ ಕೆಳಗಿನ ಅಂಗಡಿಯ ದರ್ಜಿಯ ಮನೆಯಿಂದ ಮುಚ್ಚಳದ ಕ್ಯಾನು ಬಂತು.

"ಟೈಪಿಸ್ಟಕ್ಕ ಬೆಳ್ಳುಳ್ಳಿ ತಿಂತಾರಾ?"

"ತಿಂತಾರೆ."

"ಹಾಗಂತ ಹೇಳಿದ್ರಾ?"

"ಇಲ್ಲ, ಕುಡಿದ್ರು."

"ಮುದ್ರೆಯಣ್ಣನಿಗೆ ಖಾರ ಆಗುತ್ತಾ?"

"ಕುಡಿದ್ರು."

"ಏನೂ ಅನ್ನಲ್ವಾ ಅವರು? ಚೆನ್ನಾಗಿಲ್ಲ ಅಂತಾದ್ರೂ ಅನ್ನಲ್ವಾ?"

ನಾನು ಪೇಪರು ತಿರುವಿದೆ. ಅವಳು ಒಳಗೆ ಹೋದಳು. ಒಳಗಿನಿಂದ ಚಾಕುವಿನ ಸದ್ದು ಕೇಳಿಸಿತು, ಏನನ್ನೋ ತೀರಾ ಸಣ್ಣಗೆ ಹೆಚ್ಚುವ ಸದ್ದು. ಒಂದು ಮಾತಿಗಾಗಿ ಅವಳು ಕಾಯುತ್ತಿದ್ದಾಳೆಂದು ನನಗೆ ಗೊತ್ತಿರಲಿಲ್ಲ ಎಂದರೆ ಅದೂ ಸುಳ್ಳಾದೀತು. ಚೆನ್ನಾಗಿತ್ತು ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬರುತ್ತಿತ್ತು. ಆದರೆ ಹಾಗೆಂದರೆ ಯಾರು ಅಂದದ್ದು, ಹೇಗೆ ಅಂದದ್ದು, ನೀವೇನಂದಿರಿ ಎಂದು ಅವಳು ಕೇಳುತ್ತಾಳೆ. ಆ ದಾರದ ತುದಿ ಎಳೆದರೆ ಇಡೀ ಅಂಗಿ ಬಿಚ್ಚಿಕೊಳ್ಳುತ್ತಿತ್ತು.

ಏಳನೆಯ ಸೋಮವಾರ ಮನಸ್ಸು ಗಟ್ಟಿ ಮಾಡಿ ಕಚೇರಿಯಲ್ಲೇ ಹೇಳಿಬಿಟ್ಟೆ.

"ಸಾರ್, ಒಂದು ವಿಷಯ. ನನ್ನ ಹೆಂಡತಿಗೆ ಏನೂ ಆಗಿಲ್ಲ. ಆರೋಗ್ಯವಾಗಿದಾಳೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಹೇಬರು ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು.

"ಹಾಗೇ ಅಂದ್ಕೊಳ್ಳಿ," ಎಂದರು ಮೆತ್ತಗೆ. "ಹಾಗಂದ್ಕೊಂಡಿರೋದೇ ಒಳ್ಳೇದು."

"ಇಲ್ಲ ಸಾರ್, ನಿಜವಾಗ್ಲೂ..."

"ನಮ್ಮ ದೊಡ್ಡಪ್ಪನೂ ಕೊನೇವರೆಗೂ ಹೀಗೇ ಅಂತಿದ್ದ," ಎಂದ ಮುದ್ರೆಯಣ್ಣ.

ಷರಾ ಬಿತ್ತು. ಬೇಳೆ ಮತ್ತು ಈರುಳ್ಳಿ. ಅತ್ಯುತ್ತಮ. ಗುಮಾಸ್ತರು ಒಪ್ಪಿಕೊಳ್ಳುವ ಸ್ಥಿತಿಯಲ್ಲಿಲ್ಲ. ಬರೆದವನು ನಾನೇ. ಸಾಹೇಬರು ಹೇಳಿದ್ದನ್ನು ಬರೆಯುವುದು ನನ್ನ ಕೆಲಸ.

ಹನ್ನೊಂದನೆಯ ಸೋಮವಾರ ಬಂತು. ಹಿಂದಿನ ದಿನ ಹೆಂಡತಿ ಮೂರು ಅಂಗಡಿ ಅಲೆದು ಅಣಬೆ ತಂದಿದ್ದಳು. ಬೆಳಗ್ಗೆ ಕ್ಯಾನಿನ ಮುಚ್ಚಳ ಬಿಗಿಯುತ್ತ, "ಇದು ಹಿಡಿಸದೇ ಹೋದ್ರೆ ನಾನು ಬಿಟ್ಟುಬಿಡ್ತೀನಿ," ಎಂದಳು. "ಸೂಪಿನ ಸಹವಾಸವೇ ಬೇಡ. ಇವತ್ತು ಸರಿಯಾಗಿ ಕೇಳ್ಕೊಂಡು ಬನ್ನಿ."

ಒಂದು ಗಂಟೆಗೆ ಮುದ್ರೆಯಣ್ಣ ಅಳೆಯತೊಡಗಿದ. ಒಂದು ಲೀಟರಿನ ಅಳತೆ ತುಂಬಿತು, ಖಾಲಿಯಾಯಿತು. ಮತ್ತೊಮ್ಮೆ ತುಂಬಿತು. ಅಂಚಿನವರೆಗೆ ಬಂದು, ಹನಿ ಹೆಚ್ಚಿಲ್ಲದೆ, ಹನಿ ಕಮ್ಮಿಯಿಲ್ಲದೆ ನಿಂತಿತು. ಸಾಹೇಬರು ತಾವೇ ಇನ್ನೊಮ್ಮೆ ಅಳೆದರು.

"ಎರಡು ಲೀಟರ್," ಎಂದರು ಸಾಹೇಬರು. "ಪೂರ್ತಿ ಎರಡು. ಪಾತ್ರೆ ಹಿಡಿಯೋದೇ ಎರಡು."

ಟೈಪಿಸ್ಟಕ್ಕ ಜೋರಾಗಿ ಅತ್ತುಬಿಟ್ಟರು. ಮುದ್ರೆಯಣ್ಣ ಮೆಲ್ಲಗೆ ಬಂದು ನನ್ನ ಎದುರು ಕುಕ್ಕುರುಗಾಲಿನಲ್ಲಿ ಕೂತ.

"ಯಾವಾಗ ಆಯ್ತಣ್ಣಾ?"

"ಏನು ಯಾವಾಗ?"

"ಬೆಳಗ್ಗೇನಾ? ನೀನು ಹೊರಡೋಕ್ಕಿಂತ ಮುಂಚೇನೇನಾ?"

"ಏನೂ ಆಗಿಲ್ಲ ಮಾರಾಯ! ಅವಳೇ ಕ್ಯಾನು ಕೊಟ್ಟಿದ್ದು!"

"ನೋಡಿದ್ರಾ ಸಾರ್," ಎಂದ ಅವನು ಕಣ್ಣೊರೆಸಿಕೊಳ್ಳುತ್ತ. "ಅವರೇ ಕೊಟ್ರಂತೆ."

"ಒಬ್ಬರನ್ನೇ ಬಿಡೋದು ಬೇಡ ಇವರನ್ನ," ಎಂದರು ಸಾಹೇಬರು. "ಬಾಗಿಲು ಹಾಕಿ. ವ್ಯಾನು ತೆಗೀರಿ. ಪುಸ್ತಕ ತಗೊಳ್ಳಿ, ಡಾಕ್ಟರು ಕೇಳಿದ್ರೆ ಹನ್ನೊಂದು ವಾರದ ಅಂಕಿ ಅಂಶ ಬೇಕಾಗುತ್ತೆ."

ದೊಡ್ಡ ತಕ್ಕಡಿಗಳನ್ನು ಸಾಗಿಸುವ ವ್ಯಾನು ಅದು. ಹಿಂದೆ ಇಪ್ಪತ್ತು ಕಿಲೋದ ಬಟ್ಟುಗಳು ತಿರುವಿಗೊಮ್ಮೆ ಢಣ್ ಎನ್ನುತ್ತಿದ್ದವು. ನನ್ನನ್ನು ನಡುವೆ ಕೂರಿಸಿ ಎರಡೂ ಕಡೆಯಿಂದ ತೋಳು ಹಿಡಿದಿದ್ದರು. "ಬೇಡ ಸಾರ್, ಮನೆಗೆ ಬೇಡ," ಎಂದೆ. "ಧೈರ್ಯ ತಂದ್ಕೊಳ್ಳಿ," ಎಂದರು. "ಅವಳು ಬಚ್ಚಲಲ್ಲಿ ಬಟ್ಟೆ ಒಗೀತಿರ್ತಾಳೆ ಸಾರ್," ಎಂದೆ. ಟೈಪಿಸ್ಟಕ್ಕನ ಅಳು ಇಮ್ಮಡಿಯಾಯಿತು.

ನಮ್ಮ ಮನೆಯ ಕೆಳಗೆ ದರ್ಜಿಯ ಅಂಗಡಿ. ವ್ಯಾನು ನಿಂತದ್ದು ಕಂಡು ಅವನು ಕೊರಳಲ್ಲಿ ಟೇಪಿನೊಂದಿಗೆ ಹೊರಬಂದ. ಸಾಹೇಬರು ಅವನ ಕೈ ಹಿಡಿದು, "ನಿಮಗೆ ವಿಷಯ ತಿಳಿದಿರಬೇಕು," ಎಂದರು. "ಮೇಲಿನ ಮನೆಯಾಕೆ..."

"ಅಕ್ಕನಾ? ಏನಾಯ್ತು ಅಕ್ಕನಿಗೆ?"

"ಹನ್ನೊಂದು ವಾರದಿಂದ ಕಾಯಿಲೆ ಇತ್ತಂತೆ."

"ಎಲ್ಲಿತ್ತು? ನಿನ್ನೆ ತಾನೇ ಬಂದು ಅಳತೆ ಕೊಟ್ಟು ಹೋದ್ರು! ಸೊಂಟ ಎರಡಿಂಚು ಜಾಸ್ತಿ ಆಗಿದೆ ಅಂತ ನಾನೇ ಹೇಳಿದೆ. ನಕ್ಕರು. ಕಾಯಿಲೆಯವರಿಗೆ ಸೊಂಟ ಜಾಸ್ತಿ ಆಗುತ್ತಾ ಸ್ವಾಮೀ?"

"ಊತ," ಎಂದರು ಸಾಹೇಬರು.

ದರ್ಜಿಯ ಮುಖ ಬಿಳಿಚಿಕೊಂಡಿತು. ಅವನೂ ನಮ್ಮ ಹಿಂದೆ ಮೆಟ್ಟಿಲು ಹತ್ತಿದ.

ನಾನು ಬಾಗಿಲು ತಟ್ಟಲಿಲ್ಲ. ಸಾಹೇಬರು ತಟ್ಟಿದರು. ಬಾಗಿಲು ತೆರೆಯಿತು. ಹೆಂಡತಿ ತೋಳು ಮೇಲೇರಿಸಿಕೊಂಡು, ಕೈಗೆ ಸೋಪಿನ ನೊರೆ ಮೆತ್ತಿಕೊಂಡು ನಿಂತಿದ್ದಳು. ಸುತ್ತಿಗೆ ಹಿಡಿದು ಹಿಡಿದು ಬಲಗೈ ದಪ್ಪವಾದವನನ್ನು, ಬೆರಳುಗಳು ಸುಮ್ಮನಿರದ ಹೆಂಗಸನ್ನು, ಕನ್ನಡಕದವರನ್ನು ಒಬ್ಬೊಬ್ಬರಾಗಿ ನೋಡಿದಳು. ಅವಳ ಮುಖ ಅರಳಿತು.

"ಕಚೇರಿಯವರಲ್ವಾ? ಬನ್ನಿ ಬನ್ನಿ! ಸೂಪು ಕುಡಿದು ಬಂದ್ರಾ?"

ಸಾಹೇಬರು ತಲೆ ತಗ್ಗಿಸಿದರು. "ಅಮ್ಮಾ, ನೀವು ಅವರ ತಂಗಿಯಾ?"

"ಯಾರ ತಂಗಿ?"

"ಒಳಗೆ... ಒಳಗೆ ಮಲಗಿರೋರ."

ಅವಳು ತಿರುಗಿ ಮನೆಯೊಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ರೀ, ಒಳಗೆ ಯಾರು ಮಲಗಿದಾರೆ?"

"ಸ್ವಾಮೀ, ಇವರೇ ಅವರು!" ಎಂದು ದರ್ಜಿ ಹಿಂದಿನಿಂದ ಕೂಗಿದ. "ಇವರೇ ನಮ್ಮಕ್ಕ! ಎಲ್ಲಿದೆ ಊತ?"

ಮನೆಯಲ್ಲಿದ್ದ ನಾಲ್ಕು ಕುರ್ಚಿಗಳಲ್ಲಿ ಆ ಮೂವರೂ ಹೆಂಡತಿಯೂ ಕೂತರು. ವಿಷಯ ಹೊರಬರಲು ಬಹಳ ಹೊತ್ತು ಬೇಕಾಗಲಿಲ್ಲ. ಟೈಪಿಸ್ಟಕ್ಕನ ಬಾಯಿಂದ ಅರ್ಧ ಬಂತು, ಮುದ್ರೆಯಣ್ಣನಿಂದ ಇನ್ನರ್ಧ. ತಾನು ಹನ್ನೊಂದು ವಾರದಿಂದ ಹಾಸಿಗೆ ಹಿಡಿದದ್ದು, ಅನ್ನ ಬಿಟ್ಟದ್ದು, ಇವತ್ತು ಬೆಳಗ್ಗೆ ತೀರಿಕೊಂಡದ್ದು, ಎಲ್ಲವನ್ನೂ ಅವಳು ಪಕ್ಕದ ಮನೆಯವರ ಸುದ್ದಿಯಂತೆ ಕೇಳಿದಳು. ನಾನು ಬಾಗಿಲ ಬಳಿ ನಿಂತಿದ್ದೆ.

"ಕಾಯಿಲೆ ಅಂತ ಯಾಕನ್ನಿಸ್ತು ನಿಮಗೆ?" ಎಂದಳು.

"ಇವರು ಅಡುಗೆ ಮಾಡ್ತಾರಲ್ಲಮ್ಮಾ," ಎಂದ ಮುದ್ರೆಯಣ್ಣ. "ಸೂಪೆಲ್ಲ ಇವರೇ ತಾನೇ ಮಾಡಿದ್ದು!"

ಅವಳು ಕೈಯಲ್ಲಿದ್ದ ನೊರೆಯನ್ನು ನಿಧಾನವಾಗಿ ಬಟ್ಟೆಗೆ ಒರೆಸಿಕೊಂಡಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸಾಹೇಬರ ತೊಡೆಯ ಮೇಲಿದ್ದ ಪುಸ್ತಕವನ್ನು ನೋಡಿದಳು.

"ಅದೇನದು?"

"ಅಳತೆ ಪುಸ್ತಕ ಅಮ್ಮಾ. ಪ್ರತಿ ಸೋಮವಾರದ್ದೂ ಇದರಲ್ಲಿದೆ."

"ಓದಿ."

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಕುಂಬಳಕಾಯಿ. ಏಳುನೂರ ಇಪ್ಪತ್ತು. ತಯಾರಿಸಿದವರು..." ಇಲ್ಲಿ ಕೆಮ್ಮಿದರು. "ರುಚಿ ಉತ್ತಮ. ಉಪ್ಪು ಸ್ವಲ್ಪ ಕಡಿಮೆ."

"ಉಪ್ಪು ನಾನೇ ಬೇಕಂತ ಕಡಿಮೆ ಹಾಕಿದ್ದೆ," ಎಂದಳು. "ಮುಂದೆ?"

"ಟೊಮೇಟೊ. ಎಂಟುನೂರು. ಹುಳಿ ಹದವಾಗಿದೆ, ಬಣ್ಣ ಚೆನ್ನಾಗಿದೆ. ಕ್ಯಾರೆಟ್. ಒಂಬೈನೂರ ಐವತ್ತು. ಶುಂಠಿಯ ಪರಿಮಳ ಬಹಳ ಹೊತ್ತು ಉಳಿಯಿತು. ಮನೆಯಲ್ಲಿ ಕಾಯಿಲೆ ಇರುವಂತಿದೆ. ಪಾಲಕ್. ಹದ ಬಹಳ ಚೆನ್ನಾಗಿದೆ. ರೋಗಿಯ ಆಹಾರ ಇಳಿಮುಖ. ಬಟಾಣಿ. ಎರಡನೇ ಸಲ ಕೇಳಿ ಹಾಕಿಸಿಕೊಳ್ಳಲಾಯಿತು. ರೋಗಿ ಅನ್ನ ಬಿಟ್ಟಿರಬಹುದು."

ಹೀಗೆ ಹತ್ತನ್ನೂ ಓದಿದರು. ಹನ್ನೊಂದನೆಯದರ ಮುಂದೆ ಅಣಬೆ, ಎರಡು ಲೀಟರ್, ತಯಾರಿಸಿದವರು ಗುಮಾಸ್ತರು ಎಂದಿತ್ತು, ಷರಾ ಖಾಲಿ. ದರ್ಜಿ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದ. ಹೆಂಡತಿ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದಳು.

"ಇನ್ನೊಂದ್ಸಲ ಓದ್ತೀರಾ? ರುಚಿ ಅನ್ನೋದು ಮಾತ್ರ. ಕಾಯಿಲೆ ಬೇಡ."

ಸಾಹೇಬರು ಮತ್ತೆ ಓದಿದರು, ಈ ಸಲ ನಿಧಾನವಾಗಿ. ಟೈಪಿಸ್ಟಕ್ಕ ತಡೆಯಲಾರದೆ ನಡುವೆ ಬಾಯಿ ಹಾಕಿದರು. "ಆ ಜೋಳದ ಸೂಪು ಇತ್ತಲ್ಲ, ಅವತ್ತು ನಾನು ಮನೆಗೆ ಹೋಗಿ ನಮ್ಮಮ್ಮನಿಗೆ ಹೇಳಿದೆ. ಇಂಥದ್ದು ನಾನು ಕುಡಿದೇ ಇಲ್ಲ ಅಂತ."

"ಹೌದಾ?" ಎಂದಳು ನನ್ನ ಹೆಂಡತಿ.

ಅವಳ ಗಂಟಲಿನಲ್ಲಿ ಅಂಥದೊಂದು ಹೌದಾ ಇದೆಯೆಂದು ನನಗೆ ಅದುವರೆಗೂ ತಿಳಿದಿರಲಿಲ್ಲ. ನಮ್ಮ ಮದುವೆಯಾಗಿ ಹದಿನಾರು ವರ್ಷವಾಗಿತ್ತು.

ಸಾಹೇಬರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ತಯಾರಿಸಿದವರು ಎಂಬಲ್ಲಿ ಹನ್ನೊಂದು ಸಲ ಗೀಟು ಹಾಕಿ, ಹನ್ನೊಂದು ಸಲ ತಿದ್ದಿ, ಪ್ರತಿ ತಿದ್ದುಪಡಿಗೂ ಸಹಿ ಮಾಡಿದರು. ತಪ್ಪು ದಾಖಲೆ ಬರೆದವನೆಂದು ನನ್ನಿಂದಲೂ ಹನ್ನೊಂದು ಸಹಿ ಹಾಕಿಸಿದರು. ಇಳಿಯುವಾಗ ಮುದ್ರೆಯಣ್ಣ ಮೆಟ್ಟಿಲ ಮೇಲೆ ನಿಂತು, "ಅಮ್ಮಾ, ಬದುಕಿದ್ದೀರಲ್ಲ, ಅಷ್ಟು ಸಾಕು," ಎಂದ. ವ್ಯಾನು ತಿರುಗುವಾಗ ಢಣ್ ಎಂದದ್ದು ಮೇಲಕ್ಕೂ ಕೇಳಿಸಿತು.

ಅವಳು ಕುರ್ಚಿಗಳನ್ನು ಒಂದೊಂದಾಗಿ ಮೊದಲಿದ್ದ ಜಾಗಕ್ಕೆ ಎಳೆದಿಟ್ಟಳು.

"ನಾನು ಸತ್ತೆ ಅಂತ ಅವರು ಅಂದ್ಕೊಂಡಿದ್ದಕ್ಕೆ ನಂಗೇನೂ ಬೇಜಾರಿಲ್ಲ," ಎಂದಳು. "ನಾನು ಮಾಡಿದ್ದನ್ನ ನೀವು ಮಾಡಿದ್ದು ಅಂದ್ರಿ. ಅದೂ ಹೋಗ್ಲಿ. ಹನ್ನೊಂದು ಸೋಮವಾರ ಈ ಬಾಗಿಲಲ್ಲಿ ನಿಂತು ಕೇಳಿದೆನಲ್ಲ. ಚೆನ್ನಾಗಿತ್ತಂತೆ ಅನ್ನೋಕೆ ಏನಾಗಿತ್ತು ನಿಮಗೆ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಒದ್ದೆಬಟ್ಟೆಯ ಬಕೆಟ್ಟು ಎತ್ತಿಕೊಂಡು ತಾರಸಿಗೆ ಹೋದಳು.

ಮುಂದಿನ ಸೋಮವಾರ ಬೆಳಗ್ಗೆ ನನ್ನ ಚೀಲ ಹಗುರವಾಗಿತ್ತು. ಸೂಪಿನ ಕಥೆ ಮುಗಿಯಿತೆಂದುಕೊಂಡು ಕಚೇರಿಗೆ ಹೋದೆ. ಮೆತ್ತೆ ಕುರ್ಚಿಯಿಂದ ಮಾಯವಾಗಿತ್ತು. ಒಂದು ಗಂಟೆಗೆ ಐದು ನಿಮಿಷವಿರುವಾಗ ಹೆಂಡತಿ ಕ್ಯಾನು ಹಿಡಿದು ಬಂದಳು. ಮೂವರೂ ಎದ್ದು ನಿಂತರು. ಇಲಾಖೆಯ ಮೇಲಧಿಕಾರಿ ಬಂದಾಗಲೂ ಮುದ್ರೆಯಣ್ಣ ಎದ್ದವನಲ್ಲ. ಅವಳನ್ನು ಒಳಕೋಣೆಯ ನನ್ನ ಜಾಗದಲ್ಲಿ ಕೂರಿಸಿದರು. ಬೇರೆ ಕುರ್ಚಿ ಇರಲಿಲ್ಲ.

"ಗುಮಾಸ್ತರೇ, ಕೌಂಟರಿನಲ್ಲಿ ಯಾರೂ ಇಲ್ಲ. ಒಂದರ್ಧ ಗಂಟೆ ನೋಡ್ಕೊಳ್ಳಿ," ಎಂದರು ಸಾಹೇಬರು.

ಕೌಂಟರಿನಲ್ಲಿ ಒಬ್ಬ ಎಣ್ಣೆ ಅಂಗಡಿಯವನು ತಗ್ಗುಬಿದ್ದ ಡಬ್ಬಿ ಹಿಡಿದು ನಿಂತಿದ್ದ. ಒಳಗಿನಿಂದ ಅಳತೆಯ ಸದ್ದು, ಚಮಚದ ಸದ್ದು, ಆಮೇಲೆ ನಗು ಕೇಳಿಸಿತು. ಆ ಕೋಣೆಯಿಂದ ನಗು ಬಂದದ್ದು ನಾನು ಕೇಳಿದ ಮಟ್ಟಿಗೆ ಅದೇ ಮೊದಲು. "ಒಳಗೇನ್ರೀ ಅದು, ಅಷ್ಟು ಘಮಘಮ?" ಎಂದ ಅಂಗಡಿಯವನು. ನಾನು ಅವನ ಡಬ್ಬಿಯನ್ನು ತಿರುಗಿಸಿ ತಳ ನೋಡಿದೆ.

ಸಂಜೆ ಮನೆಗೆ ಬಂದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ಒಳಗೆ ಒಣಗಿದ ಬಟ್ಟೆ ಮಡಿಚುತ್ತಿದ್ದಳು. ಏನಂದ್ರು ಎಂದು ಕೇಳಲಿಲ್ಲ. ಕೇಳುವ ಅಗತ್ಯ ಅವಳಿಗಿರಲಿಲ್ಲ. ನಾನು ಚಪ್ಪಲಿ ಬಿಟ್ಟು, ಚೀಲ ತೂಗುಹಾಕಿ, ಅವಳ ಎದುರು ಹೋಗಿ ನಿಂತೆ. ದಾರಿಯುದ್ದಕ್ಕೂ ಆ ಮಾತನ್ನು ಬಾಯೊಳಗೆ ಹೊರಳಿಸಿಕೊಂಡು ಬಂದಿದ್ದೆ.

"ಇವತ್ತಿನ ಸೂಪು ತುಂಬಾ ಚೆನ್ನಾಗಿತ್ತು."

ಅವಳ ಕೈ ನಿಂತಿತು. "ಯಾರಂದ್ರು?"

"ಯಾರೂ ಅಲ್ಲ. ನಾನೇ ಹೇಳ್ತಿದೀನಿ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಏನನ್ನೋ ಆಗಷ್ಟೇ ನೆನಪಿಸಿಕೊಂಡವಳಂತೆ, ಕೈಯಲ್ಲಿದ್ದ ನನ್ನ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಅಯ್ಯೋ, ನಿಮಗೆ ಎತ್ತಿಡೋದೇ ಮರೆತುಹೋಯ್ತಲ್ರೀ ನಂಗೆ," ಎಂದಳು. "ನೀವು ಕುಡಿದೇ ಇಲ್ಲವಲ್ಲ."